ಆರನೇ ನಂಬರಿನ ಹೊಸ್ತಿಲು

ಕೊಲ್ಹಾರ
೧೮ ಮೇ ೨೦೦೯

ಸಗೀರಾ,

ಸಲಾಮ್. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ತಪ್ಪುಗಳೂ ಇರುತ್ತವೆ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳೆಂದು ಕ್ಷಮಿಸು.

ಹಿನ್ನೀರು ಇಳಿದಿದೆ. ಮುಳುಗಿದ್ದ ಹಳೆ ಊರಿನ ಹೊಸ್ತಿಲುಗಳು ಮೇಲೆದ್ದಿವೆ. ಪ್ರತಿ ಬೇಸಿಗೆಯಂತೆ ಎಲ್ಲರೂ ತಮ್ಮ ತಮ್ಮ ಹೊಸ್ತಿಲು ತೊಳೆಯಲು ಹೋಗುತ್ತಿದ್ದಾರೆ. ನೀನು ಸಿಂದಗಿಯ ಕಾಲೇಜಿನ ಗೆಳತಿಯರೊಂದಿಗೆ ಬಂದು ನೆಟ್ಟ ತಗಡಿನ ಹಲಗೆಗಳ ಮುಂದೆ ನಿಂತು, ನಿಮ್ಮ ಕಾಲೇಜಿಗೆ ಫೋನು ಹಚ್ಚಿ ಅವುಗಳ ಮೇಲಿನ ನಂಬರನ್ನು ಮೊಬೈಲಿನಲ್ಲಿ ಒತ್ತಿ, ನಿನ್ನ ದನಿಯಲ್ಲಿ ಕತೆ ಕೇಳುತ್ತಾರೆ. ಒಂದೊಂದು ಜಾಗಕ್ಕೆ ಒಂದೊಂದು ಕತೆ. ನಮ್ಮ ಹೊಸ್ತಿಲಿನದನ್ನು ಬರೆದವಳು ತನ್ನ ಮಗಳೆಂದು ನಮ್ಮವ್ವ, ಕತೆ ಕೇಳುವ ಮೊದಲೇ, ಓಣಿಯೆಲ್ಲ ಹೇಳಿಕೊಂಡು ಬಂದಳು.

ಶುಕ್ರವಾರ ದೇವಣಗಾಂವದಿಂದ ಮುಮ್ತಾಜಕ್ಕನ ಸಂಬಂಧ ಗಟ್ಟಿ ಮಾಡಲು ಬಂದಿದ್ದರು. ಅವ್ವ ಹಿಗ್ಗಿನಿಂದ ಅವರನ್ನು ನಮ್ಮ ಹಳೆ ಹೊಸ್ತಿಲಿಗೆ ಕರೆದೊಯ್ದಳು. ತಾನೇ ನಮ್ಮ ಹಲಗೆಯ ನಂಬರು ಆರು ಒತ್ತಿ, ಮೊಬೈಲನ್ನು ಹುಡುಗನ ತಾಯಿಯ ಕಿವಿಗೆ ಹಿಡಿದಳು. ಹೊಸ್ತಿಲು ತೊಳೆಯುವ ನೆಪದಲ್ಲಿ ಹುಡುಗಿಯೊಬ್ಬಳು ಹುಡುಗನೊಬ್ಬನಿಗಾಗಿ ಕಾಯುವ ಕತೆ. ಅಕ್ಕನ ಆ ಗುಟ್ಟನ್ನು ನಾನು ನಿನಗೊಬ್ಬಳಿಗೇ ಬರೆದಿದ್ದೆ. ಹುಡುಗನ ತಾಯಿ ಪೂರ್ತಿ ಕೇಳಿ ಮೊಬೈಲು ತಿರುಗಿ ಕೊಟ್ಟರು.

"ಹೆಸರು ರೇಶ್ಮಾ ಅಂತೈತ್ರಿ. ಹೊಸ್ತಿಲಾ ನಿಮ್ಮದ ಅಲ್ಲೇನ್ರಿ?"

ಚಹಾ ಕುಡಿಯದೆ ಹೋದರು. ಸಂಬಂಧ ಆಗುವುದಿಲ್ಲವೆಂದು ನಿನ್ನೆ ಹೇಳಿ ಕಳಿಸಿದ್ದಾರೆ.

ಹೆಸರು ಬದಲಿಸಿದ್ದೇನಲ್ಲ ಎಂದು ನೀನು ಫೋನಿನಲ್ಲಿ ಹೇಳಿದೆ. ನೀರೊಳಗಿದ್ದರೂ ಯಾವ ಹೊಸ್ತಿಲು ಯಾರದೆಂದು ನಮ್ಮೂರ ಮಕ್ಕಳಿಗೂ ಗೊತ್ತು. ನಿನಗೂ ಗೊತ್ತಿತ್ತು. ಅದಕ್ಕೇ ನೀನು ಹುಡುಗನನ್ನು ಮುದ್ದೇಬಿಹಾಳದ ಕಡೆಯಿಂದ ಬಂದ ಮೀನುಗಾರನನ್ನಾಗಿ ಮಾಡಿದೆ. ನಾನು ಬರೆದದ್ದರಲ್ಲಿ ಅವನು ಪಕ್ಕದ ಹೊಸ್ತಿಲಿನಿಂದ ಬರುತ್ತಿದ್ದ. ಪಕ್ಕದ ಹೊಸ್ತಿಲು ನಿಮ್ಮದು. ಆ ಹುಡುಗ ನಿನ್ನ ಅಣ್ಣ ಮಂಜೂರ.

ಅಕ್ಕ ನನ್ನನ್ನು ಬೈಯಲಿಲ್ಲ. "ಚಂದ ಬರದೀಯವ್ವಾ" ಅಂದಳು. ಆಮೇಲೆ ನನ್ನೊಡನೆ ಮಾತಾಡಿಲ್ಲ.

ಮಂಜೂರನ ಲಗ್ನದ ಕಾರ್ಡು ಬಂದಿದೆ. ಹೆಣ್ಣಿನ ಕಡೆಯವರು ಇಂಡಿ ತಾಲೂಕಿನಿಂದ ಬರುವ ರವಿವಾರ ನಿಮ್ಮ ಹಳೆ ಮನೆಯ ಜಾಗ ನೋಡಲು ಬರುತ್ತಾರಂತೆ. ನಿಮ್ಮವ್ವ ಸಂತೋಷದಿಂದ ಹೇಳಿದರು.

ಒಂದು ಕಾಲಕ್ಕೆ ನಿನ್ನ ಗೆಳತಿ,
ಗುಲನಾಜ

ತಾ.ಕ.: ಇವತ್ತು ಬೆಳಿಗ್ಗೆ ಕೊಡ ಹಿಡಿದು ಹೋಗಿ ನಮ್ಮ ಹೊಸ್ತಿಲು ತೊಳೆದೆ. ಆರನೇ ಹಲಗೆ ಕಿತ್ತು ನಿಮ್ಮ ಹೊಸ್ತಿಲ ಮುಂದೆ ನೆಟ್ಟೆ. ಕತೆಯ ಹುಡುಗಿ ಈಗ ನಿಮ್ಮ ಮನೆಯವಳು. ನೆಲ ಇನ್ನೂ ಮೆತ್ತಗಿತ್ತು, ಕೈಯಿಂದ ಒತ್ತಿದರೇ ಇಳಿಯಿತು.