ಕಾಂಪೆನ್ಸೇಟರ್ ಬಿಚ್ಚುವುದು ಬೇಡ

ಪ್ರೆಸ್ಕಾಟ್, ಅರಿಜೋನಾ
ಭಾನುವಾರ

ತಮ್ಮ ಡೆಲ್ಮರ್‌ಗೆ,

ನನ್ನ ಪಿಸ್ತೂಲಿನ ಮೂತಿಗೆ ನೀನು ಕೂರಿಸಿಕೊಟ್ಟ ಕಾಂಪೆನ್ಸೇಟರನ್ನು ನಿನ್ನೆ ಕ್ಲಬ್ಬಿನ ಪಂದ್ಯದಲ್ಲಿ ಪರೀಕ್ಷೆ ಮಾಡಿದೆ. ಮದ್ದಿನ ಗಾಳಿ ಅದರ ಕಿಂಡಿಗಳಿಂದ ಮೇಲಕ್ಕೆ ನುಗ್ಗುವುದರಿಂದ ಪಿಸ್ತೂಲು ಎಗರುವುದೇ ಇಲ್ಲ. ಮುರಿದು ಕೂಡಿದ ನನ್ನ ಮಣಿಕಟ್ಟು ಇಡೀ ದಿನ ನೋಯಲಿಲ್ಲ.

ಇನ್ನು ದೂರು ಕೇಳು. ಉದ್ದ ಹೆಚ್ಚಾಗಿ ಪಿಸ್ತೂಲು ಹಳೆಯ ಚರ್ಮದ ಒರೆಯಲ್ಲಿ ಕೂರುವುದಿಲ್ಲ. ನಾನು ಮದ್ದು ಕಮ್ಮಿ ಹಾಕಿದ ಗುಂಡುಗಳನ್ನೇ ಬಳಸುವುದಲ್ಲವೇ, ಖಾಲಿ ತೋಟಾ ಹೊರಬೀಳದೆ ಎರಡು ಸಲ ಸಿಕ್ಕಿಕೊಂಡಿತು. ಸದ್ದಂತೂ ಹೇಳುವುದೇ ಬೇಡ. ಅಂಕ ಬರೆಯುತ್ತಿದ್ದ ಒಪಲ್, "ನಿನ್ನ ಸಹವಾಸ ಸಾಕು ಕಣೇ ವರ್ನಾ, ಹಲ್ಲೆಲ್ಲ ಅದುರ್ತಿವೆ" ಎಂದು ಹತ್ತು ಹೆಜ್ಜೆ ದೂರ ಹೋದಳು.

ಸದ್ದು ಜಾಸ್ತಿಯಾದರೆ ಬಿಚ್ಚಿಕೊಡುತ್ತೇನೆ ಅಂದಿದ್ದೆಯಲ್ಲ, ಅದು ಬೇಡ.

ಕಿವಿ ಪೂರ್ತಿ ಹೋದ ಮೇಲೆ ನಿನ್ನ ಭಾವ ಪಂದ್ಯದ ದಿನ ಟ್ರಕ್ಕಿನಿಂದ ಇಳಿಯುತ್ತಲೇ ಇರಲಿಲ್ಲ. ನಿನ್ನೆ ಟ್ರಕ್ಕಿನ ಗಾಜು ಅದುರಿತಂತೆ, ಇಳಿದು ಬಂದರು. ಎಲ್ಲರೂ ಹಿಂದೆ ಸರಿದರೆ ಇವರು ಮಡಚು ಕುರ್ಚಿ ಎಳೆದುಕೊಂಡು, ಬಿಟ್ಟಷ್ಟು ಹತ್ತಿರ ಬಂದು ಕೂತರು. ನನ್ನ ಸರದಿ ಮುಗಿದಾಗ ಅವರ ಅಂಗೈ ಎದೆಯ ಮೇಲಿತ್ತು.

"ನೀನು ಹನ್ನೆರಡು ಹೊಡ್ದೆ ಕಣೇ. ಏಳನೇದು ತಡ ಮಾಡ್ದೆ" ಎಂದರು.

ಎರಡೂ ನಿಜ.

ಉದ್ದನೆಯ ಒರೆ ಒಂದು, ತೋಟಾ ಸಿಕ್ಕಿಕೊಳ್ಳದಂತೆ ಮೆದು ಸ್ಪ್ರಿಂಗ್ ಒಂದು ಶನಿವಾರದೊಳಗೆ ಕಳಿಸು. ಒಪಲ್‌ಗೆ ಕಿವಿಗೆ ಹಾಕಿಕೊಳ್ಳಲು ದಪ್ಪನೆಯದೇನಾದರೂ ಇದ್ದರೆ ಅದನ್ನೂ ಇಡು. ತಡ ಮಾಡಬೇಡ. ನಿನ್ನ ಭಾವ ಕುರ್ಚಿಯನ್ನು ಈಗಲೇ ಟ್ರಕ್ಕಿಗೆ ಹಾಕಿಟ್ಟಿದ್ದಾರೆ.

ನಿನ್ನ ಅಕ್ಕ,
ವರ್ನಾ