ಭಾವನಿಗೆ ಕಡ್ಲಿ ಉಣಿಸು

ಸುಮಿತ್ರಾ,

ದವಡಿ ಎಲುಬು ಕೂಡಿಸೋ ವೈದ್ಯರನ್ನ ಕರಕೊಂಡು ಬರಲಿಕ್ಕ ಗೊಬ್ಬೂರಕ್ಕ ಹೊಂಟೇನಿ. ನಿನ್ನ ಎಬ್ಬಿಸಲಿಲ್ಲ. ಅತ್ತಿಯವರಿಗೆ ಓದಾಕ ಬರೂದಿಲ್ಲ, ಅದಕ್ಕ ನಿನಗ ಬರದೇನಿ.

ಚಾವಡಿ ಮ್ಯಾಲ ತಿರಂಗಾ ಝಂಡಾ ಏರಿಸಿದ್ದಕ್ಕ ನಿಮ್ಮ ಭಾವನ ದವಡಿ ಮುರದವರು ಇನ್ನೂ ಅವರನ್ನ ಹುಡಕಾಕತ್ತಾರ. ನಿನ್ನಿಯಿಂದ ಅವರ ಹೊಟ್ಟಿಗೆ ಏನೂ ಇಳದಿಲ್ಲ. ಗಂಜಿ ಹಾಕಿದ್ರ ತುಟಿ ಅಂಚಿನಿಂದ ಹೊರಗ ಸುರೀತದ.

ಕಡ್ಲಿ ನೆನಿ ಹಾಕೇನಿ. ಬೆರಳಾಗ ಹಿಚುಕಿದ್ರ ಬೆಣ್ಣಿ ಆಗೋ ಹಂಗ ಕುದಸು. ಸಿಪ್ಪಿ ಒಂದೂ ಉಳೀಬಾರದು. ಹುರದ ಎಳ್ಳು, ಜೀರಗಿ, ಕಡ್ಲಿ ಜೋಡಿನೇ ಕುದಿಸಿದ ಬಳ್ಳೊಳ್ಳಿ, ಚೂರು ಉಪ್ಪು ಹಾಕಿ ನುಣ್ಣಗ ಅರಿ, ಮ್ಯಾಲ ಕುಸುಬಿ ಎಣ್ಣಿ ಬಿಡು. ಖಾರ, ಹುಳಿ ಬ್ಯಾಡ, ಬಾಯಾಗ ಗಾಯ ಅದ. ಮೊನ್ನಿ ಪಲ್ಯಾದಂಗ ಅವಸರ ಮಾಡಿ ಅರ್ಧ ಬೇಯಿಸಬ್ಯಾಡ ತಾಯಿ.

ಒಳಕಲ್ಲಿನ ಸಪ್ಪಳ ಕೇಳಿ ಯಾರರೆ ಒಳಗ ಬಂದು "ಇದು ಯಾರಿಗೆ?" ಅಂದ್ರ, ಹಲ್ಲಿಲ್ಲದ ಮುದುಕಿಗೆ ಅನ್ನು. ಅತ್ತಿಯವರಿಗೆ ಹೇಳೇನಿ, ಬಂದವರ ಎದುರಿಗೇ ಕೂತು ತಿಂತಾರ. ನೀ ಅಟ್ಟದ ಕಡೆ ಮಾತ್ರ ನೋಡಬ್ಯಾಡ. ಈ ಚೀಟಿ ಓದಿ ಮುಗಿದ ಕೂಡಲೇ ಒಲಿಗೆ ಹಾಕು.

ಎಲ್ಲಾ ತಣ್ಣಗಾದ ಮ್ಯಾಲ ಅಟ್ಟ ಹತ್ತು. ಈ ಮನಿಗೆ ಸೊಸಿಯಾಗಿ ಬಂದಾಗಿಂದ ನೀ ಭಾವನ ಎದುರಿಗೆ ನಿಂತಿಲ್ಲ, ಮಾರಿ ತೋರಿಸಿಲ್ಲ, ಗೊತ್ತದ. ಇವತ್ತ ಸೆರಗು ಹಿಂದಕ್ಕ ಸರಿಸು. ಹೊಡತಕ್ಕ ಅವರ ಕೈನೂ ಏಳೂದಿಲ್ಲ, ನಿನ್ನ ಬೆರಳಿಲೇ ಚೂರು ಚೂರು ತುಟಿ ಒಳಗಿಡು. ಅವರೂ ನಾಚಿ ಗ್ವಾಡಿ ಕಡೆ ಹೊಳ್ಳತಾರ. "ಅಕ್ಕ ಬೈತಾಳ್ರಿ" ಅನ್ನು. ಬಾಯಿ ತೆರೀತಾರ.

ಶಿವಕಾಂತಾ