ಎರಡು ಸಲ ಬಿದ್ದ ಲೋಟ

ತುಮಕೂರು

ಪ್ರೀತಿಯ ಅಕ್ಷತಾ,

ನಿನ್ನ ಫೋನನ್ನು ನಿನ್ನ ಯಜಮಾನರೂ ನೋಡುತ್ತಾರೆ. ಅದಕ್ಕೇ ಈ ಕಾಗದವನ್ನು ಕುಣಿಗಲ್ಲಿನ ಮನೆಯ ಬದಲು ನಿನ್ನ ಶಾಲೆಗೆ ಕಳಿಸಿದ್ದೇನೆ. ಸ್ಟಾಫ್ ರೂಮಿನಲ್ಲೇ ಓದಿಕೊ.

ಗುಬ್ಬಿಗೆಂದು ಹೊರಟು ಕಾಣೆಯಾದ ನಿನ್ನ ತಮ್ಮ ಗಿರೀಶನದೆಂದು ನಿನಗೆ ಬಂದು, ನೀನು ನನಗೆ ಕಳಿಸಿದ ವಾಯ್ಸ್ ಮೆಸೇಜನ್ನು ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಪರೀಕ್ಷಿಸಿದೆ. "ಅಕ್ಕ, ಚೆನ್ನಾಗಿದೀನಿ ಕಣೇ. ಅಕ್ಕ, ಪೊಲೀಸ್ಗೆಲ್ಲ ಹೋಗ್ಬೇಡ ಬುಡು." ಧ್ವನಿ ಅವನದೇ.

ಧ್ವನಿಯನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು, ಪ್ರತಿ ಅಳತೆಯನ್ನೂ ಅಂಕಿಯಾಗಿ ಬರೆದಿಡುವುದಕ್ಕೆ ಪಲ್ಸ್ ಕೋಡ್ ಮಾಡ್ಯುಲೇಷನ್ ಎನ್ನುತ್ತಾರೆ. ತರಗತಿಯಲ್ಲಿ ಪ್ರತಿವರ್ಷ ಹೇಳುತ್ತೇನೆ. ಅಂಕಿಯಾದ ಮೇಲೆ ಮಾತು ಆಡಿದವನ ಕೈಯಲ್ಲಿ ಉಳಿಯುವುದಿಲ್ಲ. ಯಾರು ಬೇಕಾದರೂ ಕತ್ತರಿಸಿ ಜೋಡಿಸಬಹುದು.

ಒಂದೇ ಪದವನ್ನು ಯಾರೂ ಎರಡು ಸಲ ಒಂದೇ ತೆರನಾಗಿ ಆಡಲಾರರು. ಈ ಎರಡು 'ಅಕ್ಕ'ಗಳ ಅಂಕಿಗಳಲ್ಲಿ ವ್ಯತ್ಯಾಸವೇ ಇಲ್ಲ. ಉಳಿದ ಮಾತುಗಳನ್ನೂ ಅವನ ಹಳೆಯ ಮೆಸೇಜುಗಳಿಂದ ಕತ್ತರಿಸಿರಬೇಕು.

ಯುಗಾದಿ ಊಟದಲ್ಲಿ ಗಿರೀಶ, "ಅಕ್ಕ, ಇನ್ನೊಂದ್ ಹೋಳ್ಗೆ ಹಾಕೇ, ಭಾವ ಲೆಕ್ಕ ಹಾಕ್ತಾ ಕೂತವ್ರೆ" ಎಂದು ರೇಗಿಸಿದ್ದ. ಅವನು 'ಅಕ್ಕ' ಎಂದು ಕೂಗಿದಾಗಲೇ ಲೋಟ ಬಿದ್ದು ನಾವೆಲ್ಲ ನಕ್ಕಿದ್ದೆವು. ಆ ಲೋಟದ ಸದ್ದು ಮೆಸೇಜಿನಲ್ಲಿ ಎರಡು ಸಲ, ಸಣ್ಣಗೆ ಕೇಳುತ್ತದೆ. ಅಂದಿನ ವಿಡಿಯೊ ಇರುವುದು ನಿನ್ನ ಯಜಮಾನರ ಫೋನಿನಲ್ಲಿ ಮಾತ್ರ.

ಗಿರೀಶ ಎಲ್ಲಿದ್ದಾನೋ ನನಗೆ ಗೊತ್ತಿಲ್ಲ. ಅವನೇ ಮಾತಾಡುವಂತಿದ್ದರೆ ಯಾರೂ ಇಷ್ಟು ಶ್ರಮಪಡಬೇಕಿರಲಿಲ್ಲ.

ಮಗಳನ್ನು ತರಗತಿಯಿಂದ ಕರೆದುಕೊಂಡು ನೇರವಾಗಿ ಪೊಲೀಸ್ ಠಾಣೆಗೆ ಹೋಗು. ಅಲ್ಲಿನ ಫೋನಿನಿಂದ ನನಗೆ ಕರೆ ಮಾಡು, ನಾನು ಅಲ್ಲಿಗೇ ಬರುತ್ತೇನೆ. ಬಟ್ಟೆ ತರಲೆಂದೂ ಮನೆಗೆ ಹೋಗಬೇಡ.

ನಿನ್ನ ದೊಡ್ಡಪ್ಪನ ಮಗ,
ರೇಣುಕಪ್ರಸಾದ